ಮರಕುಟಿಗನ ಮೇಜು

ಹಾವು ನುಗ್ಗಲಾಗದ ಪೊಟರೆಯನ್ನು ಕಂಡುಹಿಡಿದು ಕಾಡಿನಲ್ಲೆಲ್ಲ ಹೆಸರಾದ ಮರಕುಟಿಗ, ಹಕ್ಕಿಗೊಂದು ಪೊಟರೆ ಕೊಡಿಸುವೆನೆಂದು ಮಾತು ಕೊಟ್ಟು ಕಾಡಿನ ಮಹಾಸಭೆಗೆ ಆರಿಸಿಹೋದ. ಮೊಟ್ಟೆಯಿಡಲು ಜಾಗವಿಲ್ಲದ ಮೈನಾ ನಾಲ್ಕನೆಯ ಸಲ ಅಲ್ಲಿಗೆ ಬಂದಳು. ಸಿಂಹರಾಜ ಭಾಷಣ ಮಾಡುತ್ತಿದ್ದ. ಒಂದೊಂದು ಮಾತಿಗೂ ಸದಸ್ಯರು ಮೇಜು ಕುಟ್ಟುತ್ತಿದ್ದರು. ಎಲ್ಲರಿಗಿಂತ ಜೋರು ಮರಕುಟಿಗನದು.

"ಅಣ್ಣಾ, ನನ್ನ ಪೊಟರೆ?"

"ಮಸೂದೆ ಸಮಿತಿಯಲ್ಲಿದೆ, ತಂಗಿ. ಮುಂದಿನ ಅಧಿವೇಶನಕ್ಕೆ ಬಾ."

"ಮೊಟ್ಟೆ ಅಲ್ಲಿಯವರೆಗೆ ಕಾಯುತ್ತದೆಯೇ? ಮೊದಲೆಲ್ಲ ನೀವೇ ಕೂತು ಕೊರೆದುಕೊಡುತ್ತಿದ್ದಿರಿ."

"ಆಗ ನಾನು ಬರೀ ಬಡಗಿ" ಎಂದು ಮರಕುಟಿಗ ಮತ್ತೆ ಮೇಜಿನ ಕಡೆ ತಿರುಗಿದ.

ಸಭೆ ಮುಗಿದು ಎಲ್ಲರೂ ಹೋದ ಮೇಲೆ ಮೈನಾ ಅವನ ಮೇಜನ್ನು ನೋಡಿದಳು. ಕುಟ್ಟಿ ಕುಟ್ಟಿ ಅಲ್ಲೊಂದು ಆಳವಾದ ಪೊಟರೆ ಬಿದ್ದಿತ್ತು. ಅವಳು ನಿಟ್ಟುಸಿರುಬಿಟ್ಟು ಅದರಲ್ಲೇ ಮೊಟ್ಟೆಯಿಟ್ಟಳು.