ನಿದ್ದೆಗಣ್ಣಿನ ಸಾಕ್ಷಿ

ಲಾರಿಯ ಡೀಸೆಲ್ ಕಳುವಾಗುತ್ತದೆಂದು ಸಾವಕಾರ, ಲಾರಿ ಎಲ್ಲೆಲ್ಲಿ ನಿಂತಿತೆಂದು ಹೇಳುವ ಜಿಪಿಎಸ್ ಡಬ್ಬಿ ಕೂರಿಸಿದನಂತೆ. ಮೆಕ್ಯಾನಿಕ್ ಮಹಾಶಯ ಅದರ ವೈರನ್ನು ಬ್ಯಾಟರಿಗೆ ಕೊಡದೆ ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ವೈರಿಗೆ ಸುತ್ತಿದ. ಇನ್ನೇನು, ಲಾರಿ ಆಫಾದರೆ ಡಬ್ಬಿಗೂ ನಿದ್ದೆ!

ಮಾರನೆ ದಿನ ಡೀಸೆಲ್ ಟ್ಯಾಂಕು ಗೋಳಾಡಿತು: “ಢಾಬಾದ ಹಿಂದೆ ಡ್ರೈವರು ಪೈಪಿಟ್ಟು ನನ್ನನ್ನು ಬರಿದು ಮಾಡಿದನಲ್ಲೋ, ನೋಡಲಿಲ್ಲವೆ?”

ಡಬ್ಬಿ ತಬ್ಬಿಬ್ಬಾಯಿತು. “ಯಾವ ಢಾಬಾ? ನಾವು ಎಲ್ಲೂ ನಿಂತೇ ಇಲ್ಲವಲ್ಲ!”

“ಅಯ್ಯೋ ಪೆದ್ದೇ, ಕಳ್ಳಾಟ ಲಾರಿ ಓಡುವಾಗ ನಡೆಯುತ್ತದೆಯೆ?” ಹಾರ್ನು ಕಿಸಕ್ಕನೆ ನಕ್ಕಿತು.

“ಏನೋ ತಾಯಿ! ನಾನು ಕಣ್ಣು ಬಿಟ್ಟಾಗಲೆಲ್ಲ ಲಾರಿ ಓಡುತ್ತಲೇ ಇತ್ತು, ದೇವರಾಣೆ.”

ಸಾವಕಾರನಿಗೆ ಡಬ್ಬಿಯ ಮಾತೇ ವೇದವಾಕ್ಯ. ಎಲ್ಲೂ ನಿಲ್ಲದ ಲಾರಿಯಲ್ಲಿ ಡೀಸೆಲ್ ಖಾಲಿಯಾದರೆ ಟ್ಯಾಂಕೇ ತೂತು ಎಂದುಕೊಂಡ. ಆ ಡ್ರೈವರನ ಕೈಯಿಂದಲೇ ಟ್ಯಾಂಕನ್ನು ಬಿಚ್ಚಿಸಿ ಗುಜರಿಗೆ ಹಾಕಿಸಿದ.