ಡೈರಿಯ ನಿಂಗರಾಜು ಪಾಸ್‌ವರ್ಡ್ ಕಾದದ್ದು

ಪೆದ್ದರು ಯಾವ ಊರಲ್ಲಿಲ್ಲ ಹೇಳಿ? ಆದರೆ ನಮ್ಮ ಹಾಲಿನ ಡೈರಿಯ ನಿಂಗರಾಜುವಿನಷ್ಟು ಧೈರ್ಯದ ಪೆದ್ದ ಇನ್ನೊಬ್ಬ ಸಿಗಲಾರ. ಅವನ ತಾಯಿ ಪುಟ್ಟಗೌರಮ್ಮ ಅದೇ ಡೈರಿಯಲ್ಲಿ ಟೀ ಕಾಯಿಸುತ್ತಿದ್ದಳು. ಆ ತಿಂಗಳಿಗೆ ಅವಳ ಕೆಲಸ ಮುಗಿಯುತ್ತಿತ್ತು. ಅಷ್ಟರೊಳಗೆ ಮಗನ ಕೆಲಸ ಕಾಯಂ ಆಗಬೇಕು, ಅದೊಂದೇ ಅವಳ ಹಂಬಲ.

ಡೈರಿಯಲ್ಲಿ ಹದಿನೆಂಟು ನೆಟ್‌ವರ್ಕ್ ಪೆಟ್ಟಿಗೆಗಳಿದ್ದವು. ಪಾಸ್‌ವರ್ಡ್ ಗೊತ್ತಿದ್ದವನು ಎಲ್ಲೋ ಕೂತು ಅವಕ್ಕೆ ಅಪ್ಪಣೆ ಕೊಡಬಹುದು, ಹಾಲು ತಂಪು ಮಾಡೋ ಯಂತ್ರವನ್ನೂ ನಿಲ್ಲಿಸಬಹುದು. ಮ್ಯಾನೇಜರ್ ಚೆಲುವಯ್ಯ ಹೇಳಿದರು: “ಯಾವುದರ ಪಾಸ್‌ವರ್ಡ್ ಸಸಾರವಾಗಿದೆ ನೋಡ್ಕೊಂಡು, ಅಂಥದ್ದಕ್ಕೆ ಗುರುತು ಹಾಕು.”

ನಿಂಗರಾಜು ನೋಡಿದ, ಕಂಪನಿಯವರು ಹಾಕಿ ಕಳಿಸಿದ ‘ಪಬ್ಲಿಕ್’ ಅನ್ನೋ ಪದವೇ ಎಲ್ಲದರಲ್ಲೂ ಇತ್ತು. ಸೀಮೆಸುಣ್ಣ ತಗೊಂಡ. ಪೆಟ್ಟಿಗೆ ಪೆಟ್ಟಿಗೆಯ ಮೇಲೂ ದಪ್ಪಕ್ಷರದಲ್ಲಿ ಬರೆದ: “ಇದರ ಪಾಸ್‌ವರ್ಡ್ ಪಬ್ಲಿಕ್.”

ತಾಯಿ ಹಣೆ ಚಚ್ಚಿಕೊಂಡಳು. “ಕಳ್ಳನ ಕೈಗೆ ಬೀಗದ ಕೈ ಕೊಟ್ಟಂಗಾಯ್ತಲ್ಲೋ. ಯಾರಿಗೂ ಗೊತ್ತಾಗ್ದಂಗೆ ಕಷ್ಟದ್ದು ಹಾಕ್ಬೇಕಿತ್ತು ಕಣ್ಲಾ.”

“ಅಷ್ಟೇನಾ? ಹಾಕ್ತೀನಿ ಬಿಡವ್ವ.”

ಮಾರನೇ ದಿನ ಕಣ್ಣು ಮುಚ್ಚಿಕೊಂಡು ಕೀಲಿಮಣೆ ಕುಟ್ಟಿದ. ಯಾರಿಗೂ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ. ತಂಪು ಮಾಡೋ ಯಂತ್ರ ಯಾರ ಮಾತನ್ನೂ ಕೇಳದೆ ಹಾಲೆಲ್ಲ ಒಡೆಯಿತು. ಪಟ್ಟಣದಿಂದ ಜನ ಬಂದು ಪೆಟ್ಟಿಗೆಗಳ ಪಾಸ್‌ವರ್ಡ್ ಅಳಿಸಬೇಕಾಯಿತು.

“ಹಾಕಿದ ಮೇಲೆ ದೊಡ್ಡೋರಿಗೆ ಓದಿ ಹೇಳ್ಬೇಕಿತ್ತು ಕಣೋ,” ಅಂದಳು ತಾಯಿ.

“ಹೇಳ್ತೀನಿ ಬಿಡವ್ವ.”

ಹೊಸ ಪಾಸ್‌ವರ್ಡ್ ಹಾಕಿ ಚೀಟಿಯಲ್ಲಿ ಬರೆದುಕೊಂಡ. ಭಾನುವಾರ ಡೈರಿಯ ಸದಸ್ಯರ ಸಭೆ. ಊರ ದೊಡ್ಡವರೆಲ್ಲ ಮುಂದೆಯೇ ಕೂತಿದ್ದಾರೆ. ಇನ್ನೇನು ಬೇಕು? ಮೈಕು ಹಿಡಿದು ಹದಿನೆಂಟನ್ನೂ ಓದಿ ಹೇಳಿದ. ಹಿಂದಿನವರಿಗೆ ಕೇಳಿಸಲಿಲ್ಲ ಅಂತ ಇನ್ನೊಂದು ಸಲ ಓದಿದ.

ಪುಟ್ಟಗೌರಮ್ಮನಿಗೆ ಅಳುವೇ ಬಂತು. “ಯಾರೇ ಏನೇ ಕೇಳ್ಲಿ, ಗೊತ್ತಿಲ್ಲ ಅನ್ನು. ದೇವ್ರೇ ಬಂದು ಕೇಳಿದ್ರೂ ಗೊತ್ತಿಲ್ಲ ಅನ್ನು. ಅಷ್ಟು ಮಾಡಪ್ಪ, ಸಾಕು.”

“ಅಂತೀನಿ ಬಿಡವ್ವ.”

ಚೆಲುವಯ್ಯ ಪಕ್ಕದಲ್ಲೇ ನಿಂತು ಅವನ ಕೈಲಿ ಎಲ್ಲದಕ್ಕೂ ಮತ್ತೆ ಹೊಸ ಪಾಸ್‌ವರ್ಡ್ ಹಾಕಿಸಿದರು. ವಾರ ಕಳೆದು ತಪಾಸಣೆಯ ಸಾಹೇಬರು ಬಂದರು. ಹದಿನೆಂಟು ಪೆಟ್ಟಿಗೆಗಳನ್ನೂ ಪರೀಕ್ಷೆ ಮಾಡಿದರು, ಒಂದೂ ಬಗ್ಗಲಿಲ್ಲ. ಪಾಸ್‌ವರ್ಡ್ ಏನು ಅಂತ ನಿಂಗರಾಜುವನ್ನೇ ಕೇಳಿ ನೋಡಿದರು. “ಗೊತ್ತಿಲ್ಲ ಸ್ವಾಮಿ,” ಅಂದ. ಸಾಹೇಬರಿಗೆ ಬಹಳ ಖುಷಿಯಾಯಿತು. ಇಂಥವನೇ ಬೇಕು ಅಂತ ಚೀಲದಿಂದ ಕಾಯಂ ಮಾಡೋ ಆದೇಶ ತೆಗೆದು, ಪೆನ್ನು ಬಿಚ್ಚಿದರು. ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದ ಪುಟ್ಟಗೌರಮ್ಮನ ಕಣ್ಣು ತುಂಬಿತು.

“ನಿನ್ನ ಹೆಸರೇನಪ್ಪ?”

“ಗೊತ್ತಿಲ್ಲ ಸ್ವಾಮಿ.”

ಸಾಹೇಬರು ತಲೆಯೆತ್ತಿದರು. “ಎಷ್ಟು ದಿನದಿಂದ ಇಲ್ಲಿದ್ದೀಯ?”

“ಗೊತ್ತಿಲ್ಲ ಸ್ವಾಮಿ.”

ತಾಯಿ ಓಡಿ ಬಂದಳು. “ಬುದ್ಧಿ, ಇವ್ನು ನಿಂಗರಾಜು, ನನ್ ಮಗ.”

“ಹೌದೇನಪ್ಪ? ಈಯಮ್ಮ ನಿನ್ನ ತಾಯಿಯಾ?”

ನಿಂಗರಾಜು ತಾಯಿಯ ಮುಖ ನೋಡಿದ. ಹೆದರಬೇಡ, ನಾನಿದ್ದೀನಿ ಅನ್ನುವ ಹಾಗೆ ತಲೆಯಾಡಿಸಿದ. ಎದೆ ಸೆಟೆಸಿ ಅಂದ:

“ಗೊತ್ತಿಲ್ಲ ಸ್ವಾಮಿ.”

ಆದೇಶ ಚೀಲದೊಳಕ್ಕೆ ವಾಪಸು ಹೋಯಿತು. ಮನೆಯ ದಾರಿಯಲ್ಲಿ ಪುಟ್ಟಗೌರಮ್ಮ ಬಿರಬಿರನೆ ಮುಂದೆ ಮುಂದೆ ನಡೆದಳು.

“ನೋಡ್ದಾ ಅವ್ವ,” ಅಂದ ಮಗ, “ನಿನ್ನ ವಿಷ್ಯ ಕೂಡ ಬಿಟ್ಕೊಡ್ಲಿಲ್ಲ.”