ಅಕ್ಕನ ಆಟ

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಸಂಜೆಯ ಪಾಠ ಮುಗಿದ ಮೇಲೆ ಶಿಷ್ಯರೊಡನೆ ಚದುರಂಗಕ್ಕೆ ಕೂರುವುದು ಅವರ ರೂಢಿ.

ಅವರ ಶಿಷ್ಯೆ ನೀಲವ್ವ ಬಿಳಿ ಕಾಯಿ ಹಿಡಿದರೆ ಶುರು ಮಾಡುವುದು ಒಂದೇ ರೀತಿ. ಮೊದಲು ಮಂತ್ರಿಯ ಮುಂದಿನ ಕಾಲಾಳು ಎರಡು ಮನೆ ಮುಂದಕ್ಕೆ. ಆಮೇಲೆ ಅದರ ಪಕ್ಕದ ಕಾಲಾಳು. ಪ್ರತಿಸಲವೂ ಸೋಲುತ್ತಿದ್ದಳು.

"ಬೇರೆ ಆಟ ಬರುವುದಿಲ್ಲವೇನು?" ಎಂದು ಗುರುಗಳು ಒಮ್ಮೆ ಕೇಳಿದರು.

"ಬರುತ್ತದೆ. ಆದರೆ ಇದು ನಮ್ಮ ಅಕ್ಕನ ಆಟ. ನನ್ನನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದವಳು ಅವಳೇ. ಜ್ವರ ಬಂತು, ಹೋಗಿಬಿಟ್ಟಳು. ಅವಳು ಆಡಿದ ಹಾಗೇ ಆಡಿದರೆ ಪಕ್ಕದಲ್ಲೇ ಇದ್ದಾಳೆ ಅನ್ನಿಸುತ್ತದೆ."

ಗುರುಗಳು ಕಾಯಿಗಳನ್ನು ಎತ್ತಿಟ್ಟರು.

ಮರುದಿನ ನೀಲವ್ವ ಆ ಪಕ್ಕದ ಕಾಲಾಳನ್ನು ಮುಂದಿಟ್ಟಳು. ಅದನ್ನು ಎಂದೂ ಮುಟ್ಟದಿದ್ದ ಗುರುಗಳು ಅಂದು ಹೊಡೆದುಬಿಟ್ಟರು.

ನೀಲವ್ವನ ಮುಖ ಬಿಳಿಚಿತು.

"ಏನಾಯಿತು?"

"ಅಕ್ಕನ ಈ ಕಾಲಾಳನ್ನು ನಾನು ಯಾವತ್ತೂ ಹೊಡೆದಿರಲಿಲ್ಲ. ಹೊಡೆದಿದ್ದರೆ ಅವಳು ಏನು ಆಡುತ್ತಿದ್ದಳೋ, ನನಗೆ ಗೊತ್ತಿಲ್ಲ."

"ಈಗ ಆಡಬೇಕಾದವಳು ನೀನು."

ಬಹಳ ಹೊತ್ತು ಅವಳು ಅಲುಗಲಿಲ್ಲ. ಕೊನೆಗೆ ಕುದುರೆಯನ್ನು ಎತ್ತಿಟ್ಟಳು. ಒಂಟೆಗೆ ದಾರಿ ಬಿಡಿಸಿದಳು. ಕಳೆದುಕೊಂಡ ಕಾಲಾಳಿಗೆ ಬದಲು ಗುರುಗಳ ಕಾಲಾಳನ್ನು ಹೊಡೆದಳು. ನದಿಯ ಮೇಲಿನ ಬೆಳಕು ಆರಿದ್ದು ಅವಳಿಗೆ ತಿಳಿಯಲಿಲ್ಲ. ಯಾರೋ ದೀಪ ತಂದಿಟ್ಟದ್ದೂ ತಿಳಿಯಲಿಲ್ಲ.

ಅವಳು ಆನೆಯನ್ನು ಸರಿಸಿದಾಗ ಗುರುಗಳ ರಾಜನಿಗೆ ಕದಲಲು ಮನೆಯೇ ಉಳಿಯಲಿಲ್ಲ.

"ಗೆದ್ದೆಯಲ್ಲ!" ಎಂದು ಗುರುಗಳು ನಕ್ಕರು.

ನೀಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಿಕ್ಕಿ ಬಿಕ್ಕಿ ಅತ್ತಳು.

"ಯಾಕೆ ತಾಯೀ?"

"ಕುದುರೆ ಎತ್ತಿದ ಮೇಲೆ ಅಕ್ಕನ ನೆನಪೇ ಬರಲಿಲ್ಲ, ಗುರುಗಳೇ. ಅವಳು ಹೋದ ಮೇಲೆ ಹೀಗಾದದ್ದು ಇದೇ ಮೊದಲು. ಅವಳನ್ನು ಮರೆತು ಗೆದ್ದೆ. ನನಗೆ ಈ ಗೆಲುವು ಬೇಡ."

ಗುರುಗಳು ಅವಳ ಅಳು ನಿಲ್ಲುವವರೆಗೂ ಕಾದರು. ಆಮೇಲೆ ಮೆಲ್ಲಗೆ ಕೇಳಿದರು:

"ನೀನು ಮರೆತಿದ್ದಷ್ಟು ಹೊತ್ತು ನಿನ್ನ ಕೈ ಹಿಡಿದು ಆಡಿಸಿದವರು ಯಾರು, ನೀಲವ್ವಾ?"